ಚೀಲದ ಮೇಲಿನ ನಂಬರು

ಅಂಗಡಿಗಳಲ್ಲಿ ಪುಕ್ಕಟೆ ಪ್ಲಾಸ್ಟಿಕ್ ಕವರ್ ನಿಂತ ಮೇಲೆ ತಮಿಳು ಸೀಮೆಯ ಮತ್ತಿಗಿರಿಯ ಹೆಂಗಸರು ಹೊಸದೊಂದು ರೂಢಿ ಮಾಡಿಕೊಂಡಿದ್ದರು. ಬೆಳಿಗ್ಗೆ ಕೊಂಡಮ್ಮನ ಅಂಗಡಿಗೆ ಹೋಗುವುದು, ಬೇಕಾದ್ದನ್ನು ಹೇಳಿ ಚೀಲವನ್ನು ಕಟ್ಟೆಯ ಮೇಲೆ ಸಾಲಿಗೆ ಇಡುವುದು, ಬೇರೆ ಕೆಲಸ ಮುಗಿಸಿ ಬರುವಾಗ ತುಂಬಿದ ಚೀಲ ಎತ್ತಿಕೊಂಡು ಹೋಗುವುದು. ಕೊಂಡಮ್ಮನಿಗೆ ಮುಖಕ್ಕಿಂತ ಚೀಲದ ಗುರುತೇ ಹೆಚ್ಚು. ಆದಿಲಕ್ಷ್ಮಿ ಅವಳಿಗೆ ‘ಅಕ್ಕಿಮೂಟೆ ಬ್ಯಾಗಿನಮ್ಮ’.

ಆ ಭಾನುವಾರ ಅಕ್ಕಿಮೂಟೆ ಹೊಲಿದು ಮಾಡಿದ ಬ್ಯಾಗು ಒಗೆದು ಹಾಕಿದ್ದು ಒಣಗಿರಲಿಲ್ಲ. ಆದಿಲಕ್ಷ್ಮಿ ಮಂಚದಡಿ ಕೈಯಾಡಿಸಿದಳು. ಮಡಿಸಿಟ್ಟಿದ್ದ ಹಳದಿ ಬಟ್ಟೆಯ ಚೀಲ ಸಿಕ್ಕಿತು. ಪವಿತ್ರ ಬಚ್ಚಲಲ್ಲಿದ್ದಳು. ಕೇಳುವುದೇನಿದೆ, ಒಂದು ಚೀಲ ತಾನೆ!

ಪವಿತ್ರ ಅವಳ ಅಕ್ಕನ ಮಗಳು. ಮೂರು ತಿಂಗಳ ಹಿಂದೆ ಆ ಹಳದಿ ಚೀಲದಲ್ಲಿ ಎರಡು ಸೀರೆ ತುರುಕಿಕೊಂಡು, ಮುರಿದ ಮಣಿಕಟ್ಟು ಹಿಡಿದುಕೊಂಡು ಗಂಡನ ಊರಾದ ಕೆಲಮಂಗಲದಿಂದ ಓಡಿ ಬಂದವಳು. ಕೈ ತಿರುಚಿದ ಗಂಡ ಲಕ್ಷ್ಮೀಪತಿ, ಇನ್ನೊಂದು ಸಲ ಹೊಸಿಲು ದಾಟಿದರೆ ಮುರಿಯುವುದು ಕೈಯಲ್ಲ, ಕುತ್ತಿಗೆ ಎಂದಿದ್ದನಂತೆ. ಆದಿಲಕ್ಷ್ಮಿ ಅಂದಿನಿಂದ ಹುಡುಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ಫೋನಿನ ಸಿಮ್ ಮುರಿದು ಬಿಸಾಡಿದ್ದಳು. ಬೀದಿಯವರಿಗೆ, ಇವಳು ನಂದಿತಾ, ನನ್ನ ಗಂಡನ ಕಡೆಯವಳು ಎಂದಿದ್ದಳು. ಬೀದಿಯ ನಲ್ಲಿಯ ಹತ್ತಿರಕ್ಕೂ ಬಿಟ್ಟಿರಲಿಲ್ಲ.

ಇಷ್ಟೆಲ್ಲ ಜಾಣತನವಿದ್ದರೂ ಒಂದು ಕೊರತೆಯಿತ್ತು. ಫ್ಯಾಕ್ಟರಿ ಕೆಲಸಕ್ಕೆಂದು ಮಂಡ್ಯದ ಕಡೆಯಿಂದ ಬಂದ ಆದಿಲಕ್ಷ್ಮಿ ತಮಿಳನ್ನು ಅರಳು ಹುರಿದಂತೆ ಮಾತಾಡುತ್ತಿದ್ದಳು, ಓದಲು ಮಾತ್ರ ಬರುತ್ತಿರಲಿಲ್ಲ. ಚೀಲದ ಮೇಲಿನ ಕೆಂಪು ತಮಿಳು ಅಕ್ಷರಗಳನ್ನು ಯಾವುದೋ ಜವಳಿ ಅಂಗಡಿಯ ಜಾಹೀರಾತು ಎಂದುಕೊಂಡಳು.

ಕೊಂಡಮ್ಮನ ಮಗ ಮುರುಗೇಶನಿಗೆ ಸಾಮಾನು ಹೇಳಿ, ಚೀಲ ಇಟ್ಟು, ರಾಗಿ ಡಬ್ಬಿ ಹಿಡಿದು ಮಿಲ್ಲಿಗೆ ಹೋದಳು. ಅಲ್ಲಿ ಕರೆಂಟು ಹೋಗಿ ಎರಡು ಗಂಟೆ ಕೂರಬೇಕಾಯಿತು. ಅವಳಿಗೇನೂ ಬೇಸರವಾಗಲಿಲ್ಲ. ನಿನ್ನೆ ಪವಿತ್ರ ಮೊದಲ ಸಲ ಬಾಯಿ ತುಂಬ ನಕ್ಕಿದ್ದಳು. ಅದನ್ನೇ ನೆನೆದುಕೊಂಡು ಕೂತಿದ್ದಳು, ಪಾಪ.

ತಿರುಗಿ ಬಂದಾಗ ಕಟ್ಟೆ ಖಾಲಿಯಾಗಿತ್ತು.

“ಅಯ್ಯೋ, ಆ ಹಳದಿ ಬ್ಯಾಗು ನಿಂದಂತೆ!” ಎಂದಳು ಕೊಂಡಮ್ಮ. “ಮುರುಗೇಶ ಸಾಮಾನು ತುಂಬ್ಸಿಟ್ಟು ಎತ್ಲಾಗೋ ಹೋಗ್ಬುಟ್ಟ. ಯಾರೋ ಮರ್ತೋಗವ್ರೆ ಅಂದ್ಕೊಂಡೆ. ಮದುವೇಲಿ ತಾಂಬೂಲ ಕೊಡೋ ಬ್ಯಾಗಲ್ವಾ? ಗಂಡು ಹೆಣ್ಣಿನ ಹೆಸ್ರು, ಕೆಳಗೆ ಗಂಡಿನ ಮನೇವ್ರ ಗೊಬ್ಬರದಂಗಡಿ ನಂಬರು. ಫೋನ್ ಹಾಕ್ದೆ.”

“ಯಾರ್ಗೆ?”

“ಕೆಲಮಂಗಲದೋರ್ಗೆ. ಎಷ್ಟು ಮರ್ವಾದೆ ಮಾತು ಅಂತೀಯ! ‘ನಮ್ಮನೆ ಹೆಂಗಸ್ರದೇ ಕಣಮ್ಮಾ, ಬತ್ತೀನಿ’ ಅಂದ. ಬೈಕಲ್ಲಿ ಬಂದೂ ಬುಟ್ಟ. ಅಷ್ಟೊತ್ಗೆ ಮುರುಗೇಶನೂ ಬಂದ, ಬ್ಯಾಗು ನಿಂದು ಅಂತ ಹೇಳಿ ಮನೆ ಗುರ್ತೂ ತೋರ್ಸ್ದ. ತಾನೇ ಕೊಟ್ಟು ಹೋಯ್ತೀನಿ ಅಂತ ಆವಪ್ಪ ತಗೊಂಡೋದ. ಅರ್ಧ ಗಂಟೆ ಆಯ್ತು.”

ಆದಿಲಕ್ಷ್ಮಿಯ ಡಬ್ಬಿ ಕೈಜಾರಿ ಹಿಟ್ಟು ರಸ್ತೆಯ ಮೇಲೆ ಚೆಲ್ಲಿತು. ಕೊಂಡಮ್ಮ ಕೂಗುತ್ತಲೇ ಇದ್ದಳು, ಇವಳು ಓಡಿದಳು.

ಮನೆ ಬಾಗಿಲು ತೆರೆದೇ ಇತ್ತು. ಹೊಸಿಲಿನಾಚೆ ಗಂಡಸಿನ ಚಪ್ಪಲಿಗಳು ಒಪ್ಪವಾಗಿ ಜೋಡಿಸಿದಂತಿದ್ದವು. ಒಳಗೆ ಬೇಳೆ, ಸಕ್ಕರೆ, ಸೋಪು ನೆಲದ ಮೇಲೆ ಸುರಿದಿದ್ದವು. ಲಕ್ಷ್ಮೀಪತಿ ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿದ್ದ. ಪವಿತ್ರ ಮಂಡಿಯೂರಿ, ಖಾಲಿಯಾದ ಹಳದಿ ಚೀಲಕ್ಕೆ ತನ್ನ ಸೀರೆಗಳನ್ನು ತುಂಬುತ್ತಿದ್ದಳು.

“ಬನ್ನಿ ಅತ್ತೆ,” ಎಂದ ಲಕ್ಷ್ಮೀಪತಿ. “ಒಳ್ಳೇ ಕೆಲ್ಸ ಮಾಡಿದ್ರಿ. ‘ನಿನ್ ಚಿಕ್ಕಮ್ಮನೇ ಫೋನ್ ಹಾಕ್ಸಿ ಕರೆಸ್ಕೊಂಡ್ರು’ ಅಂತ ಇವಳ್ಗೂ ಹೇಳ್ದೆ.”

“ಇಲ್ಲ ಕಣೇ, ನಾನಲ್ಲ! ನಂಗೇನು ಗೊತ್ತಿತ್ತು, ಆ ಚೀಲ...”

ಪವಿತ್ರ ತಲೆ ಎತ್ತಿ ನೋಡಿದಳು. ಅವಳ ಕಣ್ಣಲ್ಲಿ ನೀರು ಕೂಡ ಇರಲಿಲ್ಲ.

“ಮಂಚದಡೀಲಿ ಬಚ್ಚಿಟ್ಟಿದ್ನಲ್ಲ ಚಿಕ್ಕಮ್ಮಾ. ನಾನು ಭಾರ ಆಗಿದ್ರೆ ಬಾಯ್ಬಿಟ್ಟು ಹೇಳ್ಬೋದಾಗಿತ್ತು.”

ಆದಿಲಕ್ಷ್ಮಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. ಲಕ್ಷ್ಮೀಪತಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಎದ್ದ.