ಹೊಕ್ಕುಳಬಳ್ಳಿಯ ರಕ್ತ

"ಈ ಮಗೂನ ಈಗ್ಲೇ ಮನೆಗೆ ಕರ್ಕೊಂಡು ಹೋಗ್ಬೇಡಿ," ಅಂದರು ಡಾಕ್ಟರಮ್ಮ.

ಟೋಪಿಯ ಲಾಡಿ ಕಟ್ಟುತ್ತಿದ್ದ ಸೊಸೆಯ ಕೈ ಅಲ್ಲೇ ನಿಂತಿತು. ಬಟ್ಟೆಯ ಚೀಲ ತುಂಬಿ ಆಗಿತ್ತು. ಗೇಟಿನ ಹತ್ತಿರ ಗಂಡ ಗಾಡಿ ನಿಲ್ಲಿಸಿಕೊಂಡು ಆಗಲೇ ಎರಡು ಸಲ ಹಾರ್ನ್ ಹೊಡೆದಿದ್ದ.

"ಯಾಕೆ, ನಮ್ಮನೆಗೇನಾಗಿದೆ?" ಅತ್ತೆ ಮುಂದೆ ಬಂದಳು.

ಹೆರಿಗೆಯಾದಾಗ ಹೊಕ್ಕುಳಬಳ್ಳಿಯಿಂದ ತೆಗೆದ ರಕ್ತದಲ್ಲಿ ಸೀಸ ಇತ್ತು, ಇರಬಾರದಷ್ಟು. ಡಾಕ್ಟರಮ್ಮ ಕಾಗದ ತೋರಿಸಿ, ಮನೆಯಲ್ಲಿ ಏನು ಕೆಲಸ ಎಂದು ಕೇಳಿದರು.

ಸೊಸೆಯೇ ಹೇಳಿದಳು. ಹಿತ್ತಲಲ್ಲಿ ಮಾವ ಮತ್ತು ಗಂಡ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಾರೆ. ಅವರ ಬಟ್ಟೆ ಕೊಡವಿ ಒಗೆಯುವವಳು ತಾನು.

"ಒಂಬತ್ತು ತಿಂಗಳೂ ಒಗೆದ್ರಾ?"

"ನೋವು ಬಂದ ದಿನಾನೂ."

"ನಾನು ಅದೇ ಹೊಗೇಲಿ ಎರಡು ಹೆತ್ತಿದೀನಿ," ಅಂದಳು ಅತ್ತೆ. "ಇಬ್ರೂ ಗುಂಡುಕಲ್ಲಿನ ಹಾಗಿದಾರೆ. ಸುಮ್ನೆ ಬಾಣಂತೀನ ಹೆದರಿಸ್ಬೇಡಿ."

"ಮೇಲ್ನೋಟಕ್ಕೆ ಏನೂ ಗೊತ್ತಾಗಲ್ಲ ಅಮ್ಮ. ಆಮೇಲೆ ಮಾತು ತಡ ಆಗಬಹುದು. ಹೇಳಿಕೊಟ್ಟಿದ್ದು ತಲೇಲಿ ನಿಲ್ಲದೇ ಇರಬಹುದು. ಎಲ್ಲ ಮಕ್ಕಳಿಗೂ ಹಾಗಾಗಲ್ಲ. ಆದ್ರೆ ಇನ್ನು ಒಂದು ಚೂರೂ ಒಳಗೆ ಹೋಗಬಾರದು."

ಅಷ್ಟರಲ್ಲಿ ನಾದಿನಿ ಬಾಗಿಲಲ್ಲಿ ಇಣುಕಿದಳು. ಇಪ್ಪತ್ತಾರರ ಹೆಂಗಸು. ಬಿಸಿನೀರು ತರಲು ಹೋದವಳು ಕೋಣೆಯ ನಂಬರ್ ತಿಳಿಯದೆ ಯಾರ್ಯಾರದೋ ಕೋಣೆಗೆ ಹೊಕ್ಕು ಬಂದಿದ್ದಳು.

"ಎಲ್ಲಾ ಬಾಗಿಲೂ ಒಂದೇ ಥರ ಇದಾವಮ್ಮ," ಎಂದು ನಕ್ಕಳು. ಎಂಟು ವರ್ಷ ಶಾಲೆಗೆ ಹೋದರೂ ಅಕ್ಷರ ಹತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಪೆದ್ದಿ ಅಂತಲೇ.

ಅತ್ತೆ ಮಗಳನ್ನೇ ನೋಡಿದಳು. ಹೊರಗೆ ಮತ್ತೆ ಹಾರ್ನ್ ಕೇಳಿಸಿತು.

"ದೊಡ್ಡವರ ರಕ್ತಾನೂ ಹೀಗೆ ನೋಡ್ತೀರಾ?" ಅವಳ ದನಿ ಇಳಿದಿತ್ತು.

"ನೋಡ್ತೀವಿ. ಆದ್ರೆ ಆಗಿಹೋಗಿದ್ದನ್ನ ಸರಿ ಮಾಡೋಕಾಗಲ್ಲ," ಅಂದರು ಡಾಕ್ಟರಮ್ಮ.

ಅತ್ತೆ ಚೀಲ ಎತ್ತಿಕೊಂಡು ಗೇಟಿಗೆ ನಡೆದಳು. ಸೊಸೆ ಮಗುವನ್ನು ಎದೆಗವಚಿಕೊಂಡು ಹಿಂದೆ ಬಂದಳು. ಬ್ಯಾಟರಿ ಸಾಗಿಸುವ ಆ ಗಾಡಿಯ ತಳದಲ್ಲಿ ಬೂದುಬಣ್ಣದ ಪುಡಿ ತೆಳ್ಳಗೆ ಹರಡಿತ್ತು. ಗಂಡ ಮಗುವಿಗೆ ಕೈ ಚಾಚಿದ.

"ಮುಟ್ಬೇಡ!" ಅತ್ತೆ ನಡುವೆ ಬಂದಳು. "ಬೇರೆ ಗಾಡಿ ಕರಿ. ಇವರಿಬ್ರೂ ತವರಿಗೆ ಹೋಗ್ತಾರೆ. ಹಿತ್ತಲ ಆ ಒಲೆ ಕೀಳೋವರೆಗೂ ಮಗು ನಮ್ಮ ಹೊಸಿಲು ದಾಟಲ್ಲ."

"ಅಪ್ಪ ಒಪ್ತಾರೇನಮ್ಮ?"

"ಅವರನ್ನ ಕೇಳ್ದೋರ್ಯಾರು?"

ಮಗ ಅವಳ ಮುಖ ನೋಡಿ, ಬೇರೆ ಗಾಡಿ ಹುಡುಕಲು ರಸ್ತೆಗೆ ಇಳಿದ.

ನಾದಿನಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಳು. ಕೂದಲು ಗಾಳಿಗೆ ಹಾರಿ ಮುಖಕ್ಕೆ ಬಿದ್ದಿತ್ತು. ಅತ್ತೆ ಪಕ್ಕದಲ್ಲಿ ಕೂತು ಅದನ್ನು ಸರಿಸಲು ಕೈ ಎತ್ತಿದಳು. ಮಗಳು ತಟ್ಟನೆ ತಲೆ ತಗ್ಗಿಸಿ ಮೊಣಕೈ ಅಡ್ಡ ಹಿಡಿದಳು.

ಎತ್ತಿದ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು.