ಮರದ ಹಿಂಬದಿಯ ಆರ್ಮಡಿಲ್ಲೊ

"ಸಾಕು ಕಣೆ. ಇನ್ನೊಂದು ಸುತ್ತು ಹೊಡೆದ್ರೆ ತಲೆ ತಿರುಗಿ ಬೀಳ್ತೀಯ, ಎತ್ತೋ ಶಕ್ತಿ ನಂಗಿಲ್ಲ," ಎಂದಳು ಓಪಲ್. ತಲೆ ಅಲ್ಲಾಡಿಸಿದಾಗಲೆಲ್ಲ ಅವಳ ಕಿವಿಯ ಎರಡು ಪುಟ್ಟ ಗಂಟೆಗಳು ಕಿಣಿಕಿಣಿ ಅನ್ನುತ್ತಿದ್ದವು. ಹಬ್ಬದ ಓಲೆ. ವರ್ಷಕ್ಕೊಮ್ಮೆ ಮಾತ್ರ ಪೆಟ್ಟಿಗೆಯಿಂದ ಹೊರಬರುವಂಥವು.

ವರ್ನಾ ಕಿವಿಗೆ ಹಾಕಿಕೊಳ್ಳಲಿಲ್ಲ. ಮ್ಯಾಗ್ನೋಲಿಯಾ ಗ್ರ್ಯಾಂಡ್ ಹೋಟೆಲಿನ ಹಜಾರದಲ್ಲಿ ಮೂರಂತಸ್ತಿನ ಎತ್ತರಕ್ಕೆ ನಿಂತ ಕ್ರಿಸ್‌ಮಸ್ ಮರದ ಹಿಂದೆ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದಳು. ಹೋದ ವರ್ಷದವರೆಗೂ ಈ ಮರಕ್ಕೆ ಗುಲಾಬಿ ಮತ್ತು ಬಂಗಾರದ ಅಲಂಕಾರ. ಈ ಸಲ ಅಡಿಯಿಂದ ಮುಡಿಯವರೆಗೆ ಬರೀ ನೀಲಿ, ಬೆಳ್ಳಿ. ಹಳೆಯ ಅಲಂಕಾರದ ಗುಂಡು ಒಂದೂ ಇರಲಿಲ್ಲ.

ಈ ಹೋಟೆಲುಗಳ ನಡುವಿನ ದೊಡ್ಡ ಮನರಂಜನಾ ಪಾರ್ಕಿನ ಟಿಕೆಟ್ಟು ಕೊಂಡು ಉಯ್ಯಾಲೆ ಹತ್ತುವವರು ಪರವೂರಿನವರು. ಪಕ್ಕದಲ್ಲೇ ಇರುವ ಕಿಸಿಮ್ಮಿ ಊರಿನ ಜನಕ್ಕೆ ಡಿಸೆಂಬರ್ ಬಂತೆಂದರೆ ಪಾರ್ಕಿನ ಹೋಟೆಲುಗಳನ್ನು ಸುತ್ತುವುದೇ ಹಬ್ಬ. ರೂಮಿನ ಬಾಡಿಗೆ ಕೇಳಿದರೆ ಎದೆ ಒಡೆಯುತ್ತದೆ, ನೋಡುವುದಕ್ಕೇನು ದುಡ್ಡೇ? ಕೆರೆಯ ಪುಕ್ಕಟೆ ದೋಣಿ ಹತ್ತಿ ಒಂದೊಂದೇ ಹೋಟೆಲಿಗೆ ಇಳಿಯುವುದು, ಮರ ನೋಡುವುದು, ಶುಂಠಿ ಬಿಸ್ಕತ್ತಿನಲ್ಲಿ ಕಟ್ಟಿದ ಆಳೆತ್ತರದ ಮನೆಯ ಮುಂದೆ ನಿಂತು ಮೂಗು ತುಂಬ ವಾಸನೆ ಎಳೆದುಕೊಳ್ಳುವುದು, ಬಿಸಿ ಕೋಕೋ ಕುಡಿದು ಮನೆಗೆ ಬರುವುದು. ಸ್ಕೂಲ್ ಬಸ್ ಓಡಿಸುವ ವರ್ನಾ, ಏಸಿ ರಿಪೇರಿ ಮಾಡುವ ಡಾಯ್ಲ್, ಇಬ್ಬರೂ ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸಿದವರಲ್ಲ.

ಒಂದು ವರ್ಷ ಡಾಯ್ಲ್ ಸೈಪ್ರೆಸ್ ಮರದ ತುಂಡಿನಲ್ಲಿ ಅಂಗೈಯಷ್ಟು ಆರ್ಮಡಿಲ್ಲೊ ಕೆತ್ತಿ ಬಣ್ಣ ಬಳಿದ. ಬೆನ್ನ ಮೇಲೆ ಚಿಪ್ಪು ಹೊತ್ತು ರಾತ್ರಿಯೆಲ್ಲ ಅವರ ಹಿತ್ತಲು ಅಗೆದು ಹಾಕುತ್ತಿದ್ದ ಆ ಪ್ರಾಣಿಯೇ. ಅದನ್ನು ಜೇಬಿನಲ್ಲಿ ತಂದು, ಯಾರೂ ನೋಡದಾಗ ಈ ಮರದ ಹಿಂಬದಿಯ ಕೊಂಬೆಗೆ ಸಿಕ್ಕಿಸಿಬಿಟ್ಟ. "ಇಷ್ಟು ದೊಡ್ಡ ಮರ, ನಮ್ಮೂರಿನ ಪ್ರಾಣಿ ಒಂದೂ ಇಲ್ಲ ಅಂದ್ರೆ ನಾಚಿಕೆಗೇಡು ಅಲ್ವೇನೇ!" ಅಂದಿದ್ದ. ಮುಂದಿನ ವರ್ಷ ಬಂದು ನೋಡಿದರೆ ಅದು ಅಲ್ಲೇ ಹಿಂಬದಿಯಲ್ಲಿ ತೂಗುತ್ತಿತ್ತು! ಅಲಂಕಾರ ಬಿಚ್ಚುವವರು ಎಲ್ಲದರ ಜೊತೆ ಅದನ್ನೂ ಡಬ್ಬಕ್ಕೆ ತುಂಬಿ, ಎಲ್ಲದರ ಜೊತೆ ಮತ್ತೆ ತೆಗೆದು ಕಟ್ಟಿದ್ದರು. ಅಲ್ಲಿಂದಾಚೆ ಪ್ರತಿ ವರ್ಷ ಅದನ್ನು ಹುಡುಕುವುದೇ ಗಂಡ ಹೆಂಡತಿಯ ಹಬ್ಬವಾಯಿತು.

ಈ ಮಾರ್ಚಿನಲ್ಲಿ ಡಾಯ್ಲ್ ಹೃದಯಾಘಾತವಾಗಿ ಹೋಗಿಬಿಟ್ಟ. ಅವನ ಸಾಮಾನು ತೆಗೆಯಲು ಬಂದ ಅಕ್ಕ ಓಪಲ್‌ಗೆ ಗ್ಯಾರೇಜಿನಲ್ಲಿ ಅರ್ಧ ಕೆತ್ತಿದ ಇನ್ನೊಂದು ಆರ್ಮಡಿಲ್ಲೊ ಸಿಕ್ಕಿತು.

"ನಾನು ಮೊದಲೇ ಹೇಳಿರ್ಲಿಲ್ವಾ?" ಎಂದಿದ್ದಳು. "ನನ್ನ ತಮ್ಮ ನಿನ್ನ ಕಿವಿ ಮೇಲೆ ಹೂ ಇಟ್ಟಿದ್ದಾನೆ. ವರ್ಷವರ್ಷ ಹೊಸದು ಕೆತ್ತಿ, ಮೊದಲೇ ಹೋಗಿ ನೇತುಹಾಕಿ ಬರ್ತಿದ್ದ. ಅಷ್ಟು ದೊಡ್ಡ ಹೋಟೆಲ್ನೋರು ಇವನ ಮರದ ತುಂಡು ಜೋಪಾನ ಮಾಡ್ತಾರಾ?"

"ಅವನು ಕೆತ್ತಿದ ದಿನವೇ ಅದರ ಬಾಲ ನಿನ್ನ ನಾಯಿ ಪೆಪ್ಪರ್ ಕಚ್ಚಿತ್ತು ಓಪಲ್. ಕಚ್ಚಿದ ಗುರುತು ಪ್ರತಿ ವರ್ಷ ಇರ್ತಿತ್ತು."

"ಇಕ್ಕಳದಲ್ಲಿ ಕಚ್ಚಿದ್ರೂ ಗುರುತು ಬೀಳತ್ತೆ."

ಆ ಮಾತು ವರ್ನಾಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಡಾಯ್ಲ್ ಆಣೆ ಮಾಡಿ ಹೇಳಿದ್ದ, ಮೊದಲ ಸಲ ಬಿಟ್ಟರೆ ತಾನು ಕೈ ಹಚ್ಚಿಲ್ಲ ಎಂದು. ಅದು ಸುಳ್ಳಾದರೆ ಆಟ ಅವನ ಜೊತೆಗೇ ಮುಗಿಯಿತು. ನಿಜವಾದರೆ ಅವನಿಲ್ಲದ ಈ ವರ್ಷವೂ ಅದು ಇರಲೇಬೇಕು. ಇದನ್ನು ನೋಡಿಯೇ ಬಿಡೋಣ ಎಂದು ಅವಳು ಓಪಲ್‌ಳನ್ನು ಮೊದಲ ಸಲ ಹೊರಡಿಸಿಕೊಂಡು ಬಂದಿದ್ದಳು. ಅರ್ಧ ಕೆತ್ತಿದ್ದು ವರ್ನಾಳ ಚೀಲದಲ್ಲೇ ಇತ್ತು.

ಏಣಿಯ ಮೇಲೆ ಬಲ್ಬು ಬದಲಿಸುತ್ತಿದ್ದ ಹೆಂಗಸನ್ನು ವರ್ನಾ ಕೇಳಿದಳು: "ಗುಲಾಬಿ ಬಣ್ಣದವೆಲ್ಲ ಎಲ್ಲಮ್ಮಾ?"

"ಈ ವರ್ಷ ಎಲ್ಲಾ ಹೊಸದು ಮೇಡಂ. ಹಳೇದು ಎಲ್ಲಿಗೆ ಹೋಯ್ತೋ ನಂಗೊತ್ತಿಲ್ಲ."

"ಕಸಕ್ಕೆ ಹೋಗಿರತ್ತೆ," ಎಂದಳು ಓಪಲ್. ಆದರೆ ದನಿಯಲ್ಲಿ ಮೊದಲಿನ ಕೊಂಕು ಇರಲಿಲ್ಲ. ವರ್ನಾಳ ಮುಖ ನೋಡಿ ಅವಳಿಗೂ ಪಾಪ ಅನ್ನಿಸಿತ್ತು. "ನಡಿ, ಕೋಕೋ ಕುಡಿಯೋಣ."

ವರ್ನಾ ನಿಂತಲ್ಲೇ ನಿಂತಿದ್ದಳು. ಊರಿಗೆ ಹೊಸ ಬಸ್ಸು ಬಂದರೆ ಮೊದಲು ದೊಡ್ಡ ಮನೆಗಳ ಬಡಾವಣೆಗೆ. ಅಲ್ಲಿ ಓಡಿ ಸವೆದದ್ದು ಅವಳ ಕೈಗೆ. ಅವಳು ನಾಲ್ವರು ಅಕ್ಕಂದಿರ ತಂಗಿ, ಹೊಸ ಫ್ರಾಕು ಕಂಡವಳೇ ಅಲ್ಲ. ದುಡ್ಡಿದ್ದವರು ಯಾವುದನ್ನೂ ಎಸೆಯುವುದಿಲ್ಲ, ಕೆಳಗಿನವರಿಗೆ ದಾಟಿಸುತ್ತಾರೆ.

"ಓಪಲ್, ಈ ಕೆರೆ ಸುತ್ತ ಎಲ್ಲಕ್ಕಿಂತ ಅಗ್ಗದ ಹೋಟೆಲ್ ಯಾವ್ದು?"

"ಆಚೆ ದಡದ್ದು. ಮೀನುಗಾರರ ಗುಡಿಸಲಿನ ಥರ ಕಟ್ಟಿದಾರಲ್ಲ, ಸೈಪ್ರೆಸ್ ಲ್ಯಾಂಡಿಂಗ್. ಯಾಕೆ?"

"ನಡಿ, ದೋಣಿ ಬಂತು."

ಸೈಪ್ರೆಸ್ ಲ್ಯಾಂಡಿಂಗಿನ ಬಾಗಿಲು ದಾಟುತ್ತಲೇ ವರ್ನಾ "ಹಾ!" ಎಂದಳು. ಮರ ಇಲ್ಲಿ ಚಿಕ್ಕದು. ಅದರ ಮೇಲೆ ಗಾಳ, ಬುಟ್ಟಿ, ತಗಡಿನ ಮೀನುಗಳ ನಡುವೆ ಹಳೆಯ ಗುಲಾಬಿ ಗುಂಡುಗಳು ನೆಂಟರ ಮನೆಗೆ ಬಂದ ಹಾಗೆ ಕೂತಿದ್ದವು. ಅವಳು ಸೀದಾ ಹಿಂಬದಿಗೆ ಹೋದಳು. ಕೊಂಬೆ ಕೊಂಬೆ ಎತ್ತಿ ನೋಡಿದಳು. ಮಂಡಿಯೂರಿದಳು, ತುದಿಗಾಲಲ್ಲಿ ನಿಂತಳು. ಜಪ್ಪಯ್ಯ ಅಂದರೂ ಸಿಗಲಿಲ್ಲ. ಎಲ್ಲ ಬಂದಿದೆ, ಅದೊಂದೇ ಬಂದಿಲ್ಲ. ಹಾಗಾದರೆ ಓಪಲ್ ಹೇಳಿದ್ದೇ ಸರಿ.

ಕಾಲು ಸೋತ ಓಪಲ್ ಮರದ ಮುಂದಿನ ಬೆಂಚಿನ ಮೇಲೆ ಕುಕ್ಕರಿಸಿದ್ದಳು. ತಲೆ ಅಲ್ಲಾಡಿಸದೆ ಮರವನ್ನೇ ನೋಡುತ್ತಿದ್ದಳು.

"ವರ್ನಾ," ಎಂದಳು ಕೊನೆಗೆ. "ಮುಂದೆ ಬಾ."

"ಮುಂದೆ ಏನಿದೆ? ಅದು ಯಾವತ್ತೂ ಹಿಂದೇನೇ—"

"ಬಾರೇ ಅಂದ್ರೆ!"

ಮರದ ಎದುರಿಗೆ, ನಟ್ಟನಡುವೆ, ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಡಾಯ್ಲ್‌ನ ಆರ್ಮಡಿಲ್ಲೊ ತೂಗುತ್ತಿತ್ತು. ಬಣ್ಣ ಅಲ್ಲಲ್ಲಿ ಮಾಸಿತ್ತು. ಯಾರೋ ಪುಣ್ಯಾತ್ಮರು ಅದಕ್ಕೆ ಕೆಂಪು ಉಲ್ಲನ್ನಿನ ಟೊಪ್ಪಿಗೆ ಹೆಣೆದು ಹಾಕಿದ್ದರು.

ಓಪಲ್ ಎದ್ದು ಬಂದು ಅದರ ಬಾಲ ಹಿಡಿದು ತಿರುಗಿಸಿದಳು. ಕಚ್ಚಿದ ಗುರುತಿನ ನಡುವೆ ಒಂದು ಹಲ್ಲಿನ ಜಾಗ ಖಾಲಿ. ಆಮೆಯ ಚಿಪ್ಪು ಕಡಿಯಲು ಹೋಗಿ ಮುಂದಿನ ಹಲ್ಲು ಮುರಿದುಕೊಂಡಿದ್ದ ನಾಯಿ ಅದು. ಸತ್ತು ಎಷ್ಟೋ ವರ್ಷವಾಗಿತ್ತು.

"ನನ್ನ ಪೆಪ್ಪರ್," ಎಂದಳು. ಅವಳ ಕಣ್ಣು ತುಂಬಿತು. "ಇದು ನನ್ನ ಪೆಪ್ಪರ್ ಹಲ್ಲೇ ಕಣೆ. ಅಯ್ಯೋ ನನ್ನ ಬಾಯಿಗಿಷ್ಟು! ಅವ್ನು ನಿಜಾನೇ ಹೇಳಿದ್ದ."

"ನಿಜಾನೇ ಹೇಳಿದ್ದ!" ವರ್ನಾ ಎಷ್ಟು ಜೋರಾಗಿ ಕೂಗಿದಳೆಂದರೆ ಕೌಂಟರಿನ ಹುಡುಗಿ ತಲೆಯೆತ್ತಿ ನೋಡಿದಳು. ನೋಡಲಿ! ಒಂಬತ್ತು ತಿಂಗಳಿಂದ ಅತ್ತ ಹೆಣ್ಣು ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಮತ್ತೆ ಆ ಇನ್ನೊಂದು ಯಾಕೆ ಕೆತ್ತುತ್ತಿದ್ದ?" ಎಂದಳು ಓಪಲ್ ಮೂಗು ಒರೆಸಿಕೊಳ್ಳುತ್ತ.

ವರ್ನಾ ಚೀಲದಿಂದ ಅದನ್ನು ತೆಗೆದಳು. ಬಣ್ಣವಿಲ್ಲ, ಒಂದೇ ಕಿವಿ. ಬೆನ್ನಿಗೆ, ತೂಗುಹಾಕಲು, ತಂತಿಯ ಬಳೆ ಮಾತ್ರ ಡಾಯ್ಲ್ ಆಗಲೇ ಕೂರಿಸಿಟ್ಟಿದ್ದ. ಹಳೆಯದರ ಪಕ್ಕ ಹಿಡಿದು ನೋಡಿದರೆ ಇದು ಒಂದು ಸುತ್ತು ಸಣ್ಣದು.

"ಅದಕ್ಕೊಂದು ಜೊತೆ ಇರ್ಲಿ ಅಂತ," ಎಂದಳು. "ಇಷ್ಟು ವರ್ಷ ಒಂದೇ ಇತ್ತಲ್ಲ."

ಓಪಲ್ ಎಡಗಿವಿಯ ಓಲೆ ಬಿಚ್ಚಿ ಅವಳ ಕೈಗಿಟ್ಟಳು. "ಕೊಕ್ಕೆ ಬೇಕಲ್ಲ. ಬೇಗ ಮಾಡು." ಆಮೇಲೆ, ಹೋಟೆಲಿನವರನ್ನು ಒಂದಿಷ್ಟೂ ನಂಬದಿದ್ದ ಆ ಮಹಾತಾಯಿ ಕೌಂಟರಿನ ಕಡೆ ಬೆನ್ನು ಮಾಡಿ, ಕೋಟಿನ ಎರಡೂ ಸೆರಗು ಅಗಲಿಸಿ ಪರದೆಯ ಹಾಗೆ ನಿಂತಳು.

ದಡದಲ್ಲಿ ದೋಣಿ ಕೂಗಿತು. ಇಬ್ಬರೂ ಕೈ ಕೈ ಹಿಡಿದು ಬಿಸಿಲಿಗೆ ಬಂದರು. ಓಪಲ್ ರಾಣಿಯ ಹಾಗೆ ತಲೆಯೆತ್ತಿ ನಡೆಯುತ್ತಿದ್ದಳು. ಒಂದೇ ಕಿವಿಯಲ್ಲಿ ಗಂಟೆ ಕಿಣಿಕಿಣಿ ಅನ್ನುತ್ತಿತ್ತು.