ಹಳೆಯ ಝಬಲಾ ಇದ್ದರೆ ಕೊಡಿ

ಎರಡನೆಯ ಗೋಣಿಯನ್ನೂ ಸುರುವಿದಾಗ ಪಾರ್ವತಿಗೆ ಅಳುವುದೊಂದು ಬಾಕಿ. ಅಪಾರ್ಟ್‌ಮೆಂಟಿನ ಸೊಸೈಟಿ ಆಫೀಸಿನ ನೆಲದ ತುಂಬ ಪ್ಲಾಸ್ಟಿಕ್ ಕೈಚೀಲಗಳು. ತರಕಾರಿಯವು, ಫರಸಾಣ ತಿಂಡಿಯವು, ಔಷಧಿ ಅಂಗಡಿಯವು. ಕೆಲವನ್ನಂತೂ ಪುಣ್ಯಾತ್ಮರು ನೀಟಾಗಿ ಮಡಿಸಿ ಕಳಿಸಿದ್ದರು. ಕೂಸಿನ ಅಂಗಿ ಒಂದಾದರೂ ಇದ್ದೀತೆಂದು ತಳದವರೆಗೂ ಕೆದಕಿದಳು. ಇರಲಿಲ್ಲ.

"ನಲವತ್ತು ಮನೆಯವರೂ ಕೊಟ್ಟಿದ್ದಾರೆ, ಪಾರ್ವತಿಬೆನ್," ಎಂದರು ಸೆಕ್ರೆಟರಿ ಕಿರೀಟ್‌ಭಾಯಿ ಹಿಂದಿಯಲ್ಲಿ, ಎದೆಯುಬ್ಬಿಸಿ. "ನೀವೇ ಗ್ರೂಪಿನಲ್ಲಿ ಹಾಕಿದ್ದಿರಲ್ಲ, ಹಳೆಯ ಝಬಲಾ ಇದ್ದರೆ ಕೊಡಿ ಅಂತ?"

"ಝಬಲಾ ಅಂದ್ರ ಕೂಸಿನ ಅಂಗೀರೀ!" ಸಿಟ್ಟಿಗೆ ಬಾಯಲ್ಲಿ ಧಾರವಾಡದ ಕನ್ನಡವೇ ಬಂತು. ಆಮೇಲೆ ಹಿಂದಿಯಲ್ಲಿ ಬಿಡಿಸಿ ಹೇಳಿದಳು.

"ಅದೂ ಝಬಲಾನೇ, ಇದೂ ಝಬಲಾನೇ. ಅಂಗಡಿಯವರು ಈ ಚೀಲಕ್ಕೂ ಹಾಗೇ ಅನ್ನೋದು. ನೀವು ಕೇಳಿದ ಮೇಲೆ ನಾವು ಬೇರೇನು ಅಂದುಕೊಳ್ಳಬೇಕು?"

ಅದೂ ನಿಜವೇ. ಗಂಡನಿಗೆ ವರ್ಗವಾಗಿ ಗುಜರಾತಿನ ಗೋರ್ವಾಕ್ಕೆ ಬಂದ ಮೂರು ವರ್ಷದಲ್ಲಿ, ಲಿಫ್ಟಿನಲ್ಲಿ ಯಾರ ಕೈಯಲ್ಲಿ ಪ್ಲಾಸ್ಟಿಕ್ ಕಂಡರೂ ಉಪದೇಶ ಮಾಡಿ ಆಕೆ ಇಡೀ ಸೊಸೈಟಿಯ ತಲೆ ತಿಂದಿದ್ದಳು.

"ಹೋಗಲಿ, ಮಕ್ಕಳ ಹಳೆಯ ಬಟ್ಟೆಯನ್ನೇ ಈಗ ಕೇಳಿ."

"ಅದೆಲ್ಲಿ ಉಳಿದಿರುತ್ತೆ, ಬೆನ್? ಪಾತ್ರೆ ಮಾರುವವಳು ಬಂದಾಗ ಹಳೆ ಬಟ್ಟೆಯೆಲ್ಲ ಕೊಟ್ಟು ಸ್ಟೀಲ್ ಡಬ್ಬಿ ತೊಗೋತೀವಿ."

ಎದುರಿನ ಕಟ್ಟಡದಲ್ಲಿ ಇಟ್ಟಿಗೆ ಹೊರುವ ರಮೀಲಾ ಹೆತ್ತು ಹನ್ನೆರಡು ದಿನವಾಗಿತ್ತು. ಜನವರಿಯ ಚಳಿಗೆ ಕೂಸಿನ ಮೈಮೇಲೆ ಒಂದು ಹರಕು ಓಢಣಿ. ಸೋಮವಾರವೇ ಪಾರ್ವತಿಯ ಗಂಡ ರಾಮಚಂದ್ರ ಹೇಳಿದ್ದ: "ಅಂಗಡ್ಯಾಗ ಎರಡು ಅಂಗಿ ತೊಗೊಂಡು ಕೊಟ್ಟು ಬಾ. ಥಂಡಿ ನಿನ್ನ ದಾರಿ ಕಾಯತದೇನು?"

"ಮನಿಮನಿ ಕಪಾಟಿನ್ಯಾಗ ಕೊಳೀಲಿಕ್ಕತ್ತಾವು. ಮತ್ತ ಹೊಸಾದು ಯಾಕ ಕೊಳ್ಳಬೇಕ್ರೀ? ರವಿವಾರ ಸಂಜಿಗೆ ಬಾ ಅಂತ ಅಕಿಗೆ ಹೇಳೇನಿ."

ತನ್ನ ಹಟಕ್ಕಾಗಿ ಆ ಕೂಸು ಆರು ದಿನ ನಡುಗಿತು. ಕಿರೀಟ್‌ಭಾಯಿಯ ಮೇಲಿದ್ದ ಸಿಟ್ಟೆಲ್ಲ ಪಾರ್ವತಿಗೆ ತನ್ನ ಮೇಲೇ ತಿರುಗಿತು.

"ಬೆನ್?" ಬಾಗಿಲಲ್ಲಿ ರಮೀಲಾ ನಿಂತಿದ್ದಳು, ಕೂಸನ್ನೆತ್ತಿಕೊಂಡು, ಹೇಳಿದ ಹೊತ್ತಿಗೆ ಸರಿಯಾಗಿ.

ರವಿವಾರ, ಬಟ್ಟೆ ಅಂಗಡಿ ಮುಚ್ಚಿತ್ತು. ಪಾರ್ವತಿ ಹೊದ್ದಿದ್ದ ಶಾಲನ್ನೇ ತೆಗೆದು ಕೂಸಿಗೆ ಸುತ್ತಿದಳು. "ನಾಳೆ ಹೊಸ ಅಂಗಿ ತರ್ತೀನಿ, ಖಂಡಿತ," ಎಂದು ಹಿಂದಿಯಲ್ಲಿ ತೊದಲಿದಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ರಮೀಲಾಳ ಕಣ್ಣು ನೆಲದ ರಾಶಿಯ ಮೇಲಿತ್ತು. "ಇವು ನಿಮಗೆ ಬೇಕಾ?"

ಪಾರ್ವತಿ ಬೇಡವೆಂದು ತಲೆಯಲ್ಲಾಡಿಸಿದಳು. ರಮೀಲಾ ಬಗ್ಗಿ ದಪ್ಪನೆಯ ನೀಲಿ ಚೀಲವೊಂದನ್ನು ಆರಿಸಿ, ಕೊಡವಿ, ಶಾಲಿನ ಸಮೇತ ಕೂಸಿನ ಕಾಲುಗಳನ್ನು ಅದರೊಳಗೆ ಇಳಿಬಿಟ್ಟಳು. ಹಿಡಿಕೆ ಎರಡನ್ನೂ ಸೊಂಟದ ಹತ್ತಿರ ಸಡಿಲವಾಗಿ ಗಂಟು ಹಾಕಿದಳು. ಗುಡಿಸಲಲ್ಲಿ ರಾತ್ರಿ ಇಬ್ಬನಿ ತೊಟ್ಟಿಕ್ಕುತ್ತದಂತೆ. ಇಷ್ಟು ಒಳ್ಳೆಯ ಶಾಲು ನೆನೆಯಬಾರದಲ್ಲ.

"ಹಾಶ್, ಹವೇ ಠಂಡೀ ನಹೀ ಲಾಗೆ," ಎಂದು ನಕ್ಕಳು. ಅಬ್ಬ, ಇನ್ನು ಚಳಿಯಾಗುವುದಿಲ್ಲ.

ಕೂಸು ಕಾಲಾಡಿಸಿದಾಗಲೆಲ್ಲ ಪ್ಲಾಸ್ಟಿಕ್ ಸರಸರ ಅನ್ನುತ್ತಿತ್ತು. ಪಾರ್ವತಿ ನೆಲದ ಮೇಲೆ ಕೂತು, ಹರಿಯದಿದ್ದ ಚೀಲಗಳನ್ನು ಒಂದೊಂದಾಗಿ ಆರಿಸಿ ಅವಳ ಕೈಗೆ ಕೊಡತೊಡಗಿದಳು.